ಮುಖ ಕಾಣದ ನಟನ ಬಗ್ಗೆ ಬಂದ ಪತ್ರಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಬಗ್ಗೆ ಬರೆಯುವಾಗ ಇಂಗ್ಲೆಂಡಿನ ನಟ ಕ್ಲಾಡ್ ರೇನ್ಸ್ ಅವರ ಹೆಸರನ್ನು ಒಂದೇ ಒಂದು ಸಾಲಿನಲ್ಲಿ ತಂದಿದ್ದೆ. ಮುಖ ತೋರಿಸದೆ ಬರೀ ದನಿಯಿಂದ ಸಿನಿಮಾ ಗೆದ್ದವರು ಅಂತ. ಆ ಸಾಲು ಹಿಡಿದುಕೊಂಡು ಇಷ್ಟು ಜನ ಬರೆಯುತ್ತಾರೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ರೇನ್ಸ್ ಅವರದ್ದೇ. ಬೇರೆ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ಕಾಯಿರಿ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಹಳೆಯ ಸಿನಿಮಾ 'ಕ್ಯಾಸಾಬ್ಲಾಂಕಾ' ತೋರಿಸಿದರು. ನಾಯಕನಿಗಿಂತ ಆ ಪೊಲೀಸ್ ಕ್ಯಾಪ್ಟನ್ ರೆನೋ ಮನಸ್ಸಲ್ಲಿ ಉಳಿದ. ಅದೇ ನೀವು ಬರೆದ ರೇನ್ಸ್ ಅಂತ ಆಮೇಲೆ ಗೊತ್ತಾಯಿತು. ಮಾತು ಕೇಳಿದರೆ ದೊಡ್ಡ ಮನೆತನದವರು, ಒಳ್ಳೆ ಶಾಲೆಯಲ್ಲಿ ಓದಿದವರು ಅನಿಸುತ್ತದೆ. ಹೌದಾ?
(ಪದವಿ ವಿದ್ಯಾರ್ಥಿನಿ, ಉಡುಪಿ)

ಉತ್ತರ: ಎರಡೂ ಅಲ್ಲ. ನಿಮಗೆ ಹಾಗೆ ಅನಿಸಿತು ಅಂದರೆ ಅವರು ಪಟ್ಟ ಕಷ್ಟ ಕೆಲಸ ಮಾಡಿದೆ ಅಂತ ಅರ್ಥ.

ರೇನ್ಸ್ ಹುಟ್ಟಿದ್ದು 1889ರ ನವೆಂಬರ್ 10ರಂದು, ಲಂಡನ್ನಿನಲ್ಲಿ. ಅಪ್ಪ ಫ್ರೆಡ್ ರೇನ್ಸ್ ಕೂಡ ನಟ. ಆದರೆ ಮನೆಯಲ್ಲಿ ದುಡ್ಡಿರಲಿಲ್ಲ. ಹುಡುಗ ಬೇಗನೇ ಶಾಲೆ ಬಿಟ್ಟ. ಬೀದಿಯಲ್ಲಿ ಪೇಪರ್ ಮಾರಿ ಅಮ್ಮನ ಕೈಗೆ ಚಿಲ್ಲರೆ ತಂದುಕೊಡುತ್ತಿದ್ದ, ಚರ್ಚಿನಲ್ಲಿ ಹಾಡುತ್ತಿದ್ದ. ಅವನ ಮಾತು ಕಾಕ್ನಿ. ಅಂದರೆ ಲಂಡನ್ನಿನ ದುಡಿಯುವ ಜನರ ಬೀದಿ ಇಂಗ್ಲಿಷ್. ಅದರ ಮೇಲೆ ತೊದಲು ಬೇರೆ. 'ರ' ಅಕ್ಷರ ಬಾಯಿಗೆ ಬರುತ್ತಿರಲಿಲ್ಲ. ಸ್ವಂತ ಹೆಸರು ಹೇಳಲು ಹೋದರೆ 'ರೇನ್ಸ್' ಹೋಗಿ 'ವೇನ್ಸ್' ಆಗುತ್ತಿತ್ತು. ಈ ಹುಡುಗ ಮುಂದೆ ಮಾತಿಗೇ ಹೆಸರಾದದ್ದು!

ಹತ್ತನೇ ವಯಸ್ಸಿನಲ್ಲಿ, 1900ರಲ್ಲಿ, ಲಂಡನ್ನಿನ ಹೇಮಾರ್ಕೆಟ್ ಥಿಯೇಟರಿನಲ್ಲಿ ಮೊದಲ ಸಲ ರಂಗ ಹತ್ತಿದ. ಆಮೇಲೆ ಹಿಸ್ ಮೆಜೆಸ್ಟಿಸ್ ಥಿಯೇಟರ್ ಸೇರಿದ. ಅಲ್ಲಿ ಸಿಕ್ಕಿದ್ದು 'ಕಾಲ್ ಬಾಯ್' ಕೆಲಸ. ನಟರ ಕೋಣೆಯ ಬಾಗಿಲು ತಟ್ಟಿ "ನಿಮ್ಮ ಪ್ರವೇಶ ಬಂತು" ಅಂತ ಎಬ್ಬಿಸಿ ಕರೆದುಕೊಂಡು ಬರುವುದು. ಅಲ್ಲಿಂದ ಪ್ರಾಂಪ್ಟರ್ ಆದ, ಅಂದರೆ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತು ಮರೆತವರಿಗೆ ಮಾತು ಎತ್ತಿಕೊಡುವವನು. ಆಮೇಲೆ ಸ್ಟೇಜ್ ಮ್ಯಾನೇಜರ್ ವರೆಗೂ ಏರಿದ. ನಟನೆಯ ದೊಡ್ಡ ಪಾತ್ರಗಳು ಬಂದದ್ದು ಇದೆಲ್ಲ ಆದ ಮೇಲೆ.

ಇದನ್ನು ನಮ್ಮ ಕಡೆಯವರಿಗೆ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲ ದಿನವೇ ಕರ್ಣ, ಅರ್ಜುನ ಆಗುವುದಿಲ್ಲ. ಕೋಡಂಗಿ ಕುಣಿಯುತ್ತಾನೆ, ಬಾಲಗೋಪಾಲ ಆಗುತ್ತಾನೆ, ನಿತ್ಯವೇಷ ಮಾಡುತ್ತಾನೆ, ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಹಿರಿಯರಿಗೆ ಕಸೆ ಕಟ್ಟಲು ಕೈ ಕೊಡುತ್ತಾನೆ, ತನ್ನ ವೇಷ ಕಳಚಿದ ಮೇಲೂ ನಿದ್ದೆಗಣ್ಣಿನಲ್ಲೇ ರಂಗಸ್ಥಳದ ಬದಿಯಲ್ಲಿ ನಿಂತು ಬೆಳಗಿನವರೆಗೆ ದೊಡ್ಡವರ ಅರ್ಥ, ಅಂದರೆ ಪಾತ್ರವಾಗಿ ಆಡುವ ಮಾತು, ಕೇಳುತ್ತಾನೆ. ಕೇಳಿ ಕೇಳಿಯೇ ಅರ್ಧ ವಿದ್ಯೆ ಬಂದಿರುತ್ತದೆ. ಪ್ರಾಂಪ್ಟರ್ ಕೆಲಸವೂ ಅದೇ ಅಲ್ವಾ? ಪ್ರತಿ ರಾತ್ರಿ ಪ್ರತಿ ಪಾತ್ರದ ಪ್ರತಿ ಮಾತು ಕಿವಿಗೆ ಬೀಳುತ್ತದೆ. ಯಾರು ಎಲ್ಲಿ ಉಸಿರು ತೆಗೆದುಕೊಂಡರು, ಯಾವ ಮಾತಿಗೆ ಜನ ನಕ್ಕರು, ನಿನ್ನೆ ನಕ್ಕವರು ಇವತ್ತು ಯಾಕೆ ನಗಲಿಲ್ಲ, ಎಲ್ಲ ಗೊತ್ತಾಗುತ್ತದೆ. ನಾನು ಮಂಗಳೂರಿನಲ್ಲಿ ಹವ್ಯಾಸಿ ತಂಡವೊಂದರಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ. ಪುಸ್ತಕ ಹಿಡಿದು ಕೂತು ಕಲಿತಷ್ಟನ್ನು ಆಮೇಲೆ ಪಾತ್ರ ಮಾಡಿ ಕಲಿಯಲಿಲ್ಲ.

ಹಿಸ್ ಮೆಜೆಸ್ಟಿಸ್ ನಡೆಸುತ್ತಿದ್ದವರು ಸರ್ ಹರ್ಬರ್ಟ್ ಬೀರ್ಬೋಮ್ ಟ್ರೀ. ಆ ಕಾಲದ ದೊಡ್ಡ ನಟ, ಮಾಲೀಕ. 1904ರಲ್ಲಿ ಅವರು ಶುರು ಮಾಡಿದ ನಟನೆಯ ಶಾಲೆಯೇ ಇವತ್ತಿನ ರಾಯಲ್ ಅಕಾಡೆಮಿ ಆಫ್ ಡ್ರಾಮಾಟಿಕ್ ಆರ್ಟ್, ಎಲ್ಲರೂ 'ರಾಡಾ' ಅನ್ನುವುದು ಅದನ್ನೇ. ಬಾಗಿಲು ತಟ್ಟುವ ಈ ಹುಡುಗನಲ್ಲಿ ಏನೋ ಇದೆ ಅಂತ ಟ್ರೀ ಅವರಿಗೆ ಕಂಡಿತು. ಉಚ್ಚಾರದ ಪಾಠಕ್ಕೆ, ಪುಸ್ತಕಕ್ಕೆ ಕೈಯಿಂದ ದುಡ್ಡು ಕೊಟ್ಟರು. ಹುಡುಗ ಒಂದೊಂದೇ ಅಕ್ಷರ ತಿದ್ದಿಕೊಂಡ.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಬಿ.ವಿ. ಕಾರಂತರ ನೆನಪಾಗುತ್ತದೆ. ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗ, ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದವರು. ಅವರನ್ನು ಎಂಎ ಓದಲು ಬನಾರಸಿಗೆ ಕಳಿಸಿದವರು ವೀರಣ್ಣನವರೇ. ಕಂಪನಿಯಲ್ಲಿ ಇಟ್ಟುಕೊಂಡು ದುಡಿಸಿಕೊಳ್ಳಬಹುದಿತ್ತು. ಓದಿ ಬಾ ಅಂದರು. ಅಂಥ ಯಜಮಾನರು ಇಲ್ಲದೇ ಹೋಗಿದ್ದರೆ ಎಷ್ಟು ನಟರು, ಎಷ್ಟು ನಿರ್ದೇಶಕರು ನಮಗೆ ಸಿಗುತ್ತಲೇ ಇರಲಿಲ್ಲ ಅಂತ ಯೋಚಿಸಿ ನೋಡಿ.

ಮೊದಲ ಮಹಾಯುದ್ಧದಲ್ಲಿ ರೇನ್ಸ್ ಸೈನ್ಯಕ್ಕೆ ಹೋದರು. ಲಂಡನ್ ಸ್ಕಾಟಿಷ್ ಅನ್ನುವ ಪಡೆ. ಮುಂದೆ ಸಿನಿಮಾದಲ್ಲಿ ಹೆಸರು ಮಾಡಿದ ರೊನಾಲ್ಡ್ ಕೋಲ್ಮನ್, ಬೇಸಿಲ್ ರಾತ್‌ಬೋನ್, ಹರ್ಬರ್ಟ್ ಮಾರ್ಷಲ್ ಎಲ್ಲ ಅದೇ ಪಡೆಯಲ್ಲಿದ್ದವರು. ಮಾರ್ಷಲ್ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡರು. ರೇನ್ಸ್ 1916ರಲ್ಲಿ ಫ್ರಾನ್ಸಿನ ವಿಮಿ ಹತ್ತಿರ ವಿಷಾನಿಲಕ್ಕೆ ಸಿಕ್ಕಿಬಿದ್ದರು. ಬಲಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಗಂಟಲಿನ ಸ್ವರತಂತುಗಳಿಗೂ ಪೆಟ್ಟಾಯಿತು. ಸಾಮಾನ್ಯ ಸಿಪಾಯಿಯಾಗಿ ಹೋದವರು ಕ್ಯಾಪ್ಟನ್ ಆಗಿ ವಾಪಸ್ಸು ಬಂದರು, ಒಂದು ಕಣ್ಣು ಬಿಟ್ಟು. ನೀವು ಆ ಸಿನಿಮಾದಲ್ಲಿ ಕೇಳಿದ ದನಿಯಲ್ಲಿ ಒಂದು ಸಣ್ಣ ಗೊರಗೊರ ಇದೆಯಲ್ಲ, ಮರಳು ಬೆರೆಸಿದ ಹಾಗೆ, ಅದರ ಹಿಂದೆ ಇಷ್ಟೆಲ್ಲ ಇದೆ.

ಶಾಲೆಯ ಬಗ್ಗೆ ಕೇಳಿದಿರಿ. ಯುದ್ಧದ ನಂತರ ಅವರು ರಾಡಾಕ್ಕೆ ಹೋದರು, ಪಾಠ ಹೇಳಲು. ಅವರ ಕೈಯಲ್ಲಿ ಕಲಿತವರಲ್ಲಿ ಜಾನ್ ಗಿಲ್ಗುಡ್, ಚಾರ್ಲ್ಸ್ ಲಾಟನ್ ಇದ್ದರು. ತೊದಲುತ್ತಿದ್ದ ಪೇಪರ್ ಹುಡುಗ ಇಂಗ್ಲಿಷ್ ರಂಗಭೂಮಿಯ ದೊಡ್ಡ ದನಿಗಳಿಗೆ ಮಾತು ಕಲಿಸಿದ.

ಪ್ರಶ್ನೆ: ಮುಖವೇ ಕಾಣದೆ ಸಿನಿಮಾದಲ್ಲಿ ಹೆಸರು ಮಾಡುವುದು ಹೇಗೆ? ಇದು ಸ್ವಲ್ಪ ಅತಿ ಆಯಿತು ಅನಿಸಲಿಲ್ವಾ ನಿಮಗೆ?
(ಬ್ಯಾಂಕ್ ಉದ್ಯೋಗಿ, ಮಂಗಳೂರು)

ಉತ್ತರ: ಅತಿ ಅಲ್ಲ, ನಡೆದ ಸಂಗತಿ. 1933ರಲ್ಲಿ ಬಂದ ಆ ಸಿನಿಮಾ 'ದಿ ಇನ್‌ವಿಸಿಬಲ್ ಮ್ಯಾನ್'. ಎಚ್.ಜಿ. ವೆಲ್ಸ್ ಅವರ ಕಾದಂಬರಿಯ ಕಥೆ. ನಿರ್ದೇಶಕರು ಜೇಮ್ಸ್ ವೇಲ್, ಅವರೂ ಇಂಗ್ಲೆಂಡಿನ ರಂಗಭೂಮಿಯಿಂದ ಹೋದವರೇ. ತನ್ನ ಪ್ರಯೋಗದಿಂದ ತಾನೇ ಕಾಣದಂತಾದ ಒಬ್ಬ ವಿಜ್ಞಾನಿಯ ಪಾತ್ರ ರೇನ್ಸ್ ಅವರದ್ದು. ಸಿನಿಮಾ ಉದ್ದಕ್ಕೂ ಒಂದೋ ಬ್ಯಾಂಡೇಜು ಸುತ್ತಿದ ತಲೆ ಮತ್ತು ಕಪ್ಪು ಕನ್ನಡಕ, ಇಲ್ಲಾ ಬರೀ ಗಾಳಿ. ಅವರ ಮುಖ ಕಾಣುವುದು ಕೊನೆಯಲ್ಲಿ, ಪಾತ್ರ ಸತ್ತ ಮೇಲೆ, ಕೆಲವೇ ಕ್ಷಣ.

ಕಾಣದ ಮನುಷ್ಯನನ್ನು ತೋರಿಸಿದ್ದು ಹೇಗೆ ಅಂತ ನಿಮಗೆ ಕುತೂಹಲ ಇರಬಹುದು. ಜಾನ್ ಫುಲ್ಟನ್ ಅನ್ನುವ ತಂತ್ರಜ್ಞರ ಕೆಲಸ ಅದು. ಇಡೀ ಸೆಟ್ಟಿಗೆ ಕಪ್ಪು ವೆಲ್ವೆಟ್ ಬಟ್ಟೆ ಹೊದಿಸುವುದು. ನಟನಿಗೂ ತಲೆಯಿಂದ ಕಾಲಿನವರೆಗೆ ಕಪ್ಪು ವೆಲ್ವೆಟ್, ಅದರ ಮೇಲೆ ಅಂಗಿ, ಪ್ಯಾಂಟು. ಕ್ಯಾಮೆರಾಕ್ಕೆ ಅಂಗಿ ಮಾತ್ರ ಕಾಣುತ್ತದೆ, ಒಳಗಿನ ಮನುಷ್ಯ ಕಪ್ಪಿನಲ್ಲಿ ಕರಗಿ ಹೋಗುತ್ತಾನೆ. ಆಮೇಲೆ ಆ ಚಿತ್ರವನ್ನು ಕೋಣೆಯ ಚಿತ್ರದ ಜೊತೆ ಕೂಡಿಸುವುದು. ಕಂಪ್ಯೂಟರ್ ಇಲ್ಲದ ಕಾಲ.

ಇಷ್ಟೆಲ್ಲ ತಂತ್ರ ಇದ್ದರೂ ಆ ಅಂಗಿಯ ಒಳಗೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಅಹಂಕಾರ ಇದೆ, ಹುಚ್ಚು ಏರುತ್ತಿದೆ, ಹೆದರಿಕೆಯೂ ಇದೆ ಅಂತ ನಾವು ನಂಬುವುದು ಆ ದನಿಯಿಂದ. ಯಕ್ಷಗಾನದಲ್ಲಿ ಬಣ್ಣದ ವೇಷದ ಒಡ್ಡೋಲಗ, ಅಂದರೆ ರಾಕ್ಷಸ ಪಾತ್ರದ ಮೊದಲ ಪ್ರವೇಶ, ನೆನಪು ಮಾಡಿಕೊಳ್ಳಿ. ತೆರೆ ಹಿಡಿದಿರುತ್ತಾರೆ, ವೇಷ ಇನ್ನೂ ಕಂಡಿಲ್ಲ, ಒಳಗಿಂದ ಒಂದು ಅಬ್ಬರ ಬರುತ್ತದೆ, ಚೆಂಡೆ ಏರುತ್ತದೆ. ಮಡಿಲಲ್ಲಿದ್ದ ಮಗು ಅಲ್ಲೇ ಅಮ್ಮನ ಸೆರಗು ಹಿಡಿಯುತ್ತದೆ. ಕಾಣುವ ಮೊದಲೇ ಹೆದರಿಕೆ ಬಂದಾಗಿದೆ.

ತಾಳಮದ್ದಳೆಯಲ್ಲಂತೂ ತೆರೆಯೂ ಇಲ್ಲ. ಬಿಳಿ ಪಂಚೆ, ಶಾಲು, ಎದುರಿಗೆ ಮೈಕು. ಶೇಣಿ ಗೋಪಾಲಕೃಷ್ಣ ಭಟ್ಟರು ಹಾಗೇ ಕೂತು ವಾಲಿಯ ಅರ್ಥ ಹೇಳುತ್ತಿದ್ದರೆ ಕಿರೀಟ ಎಲ್ಲಿ, ಗದೆ ಎಲ್ಲಿ ಅಂತ ಯಾರೂ ಹುಡುಕಲಿಲ್ಲ. ಮುಖ ಕಾಣದ ನಟನನ್ನು ಅರ್ಥ ಮಾಡಿಕೊಳ್ಳಲು ಜಗತ್ತಿನಲ್ಲಿ ಯಾರಿಗಾದರೂ ಸುಲಭ ಅಂದರೆ ಅದು ಆಟಿ ತಿಂಗಳಲ್ಲಿ ಮಳೆ ಹೊಯ್ಯುತ್ತಿರುವಾಗ ದೇವಸ್ಥಾನದ ಹಜಾರದಲ್ಲಿ ಕೂತು ತಾಳಮದ್ದಳೆ ಕೇಳಿದ ನಮ್ಮ ಜನರಿಗೆ ಅಂತ ನಾನು ನಂಬಿದ್ದೇನೆ. ಕಳೆದ ಸಲ ಆ ಸಾಲು ಬರೆದದ್ದೂ ಅದಕ್ಕೇ.

ಪ್ರಶ್ನೆ: ನಾನು ನಾಟಕದಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಮೊನ್ನೆ ಒಂದು ತುಳು ಸಿನಿಮಾಕ್ಕೆ ಆಡಿಷನ್ ಕೊಟ್ಟೆ. "ನಿಮ್ಮದು ಸ್ಟೇಜಿನ ದನಿ, ಕ್ಯಾಮೆರಾಕ್ಕೆ ಆಗುವುದಿಲ್ಲ" ಅಂದರು. ತುಂಬಾ ಬೇಸರವಾಗಿದೆ. ರೇನ್ಸ್ ಇದನ್ನು ಹೇಗೆ ದಾಟಿದರು?
(ರಂಗ ಕಲಾವಿದ, ಸುರತ್ಕಲ್)

ಉತ್ತರ: ಅವರಿಗೂ ಇದೇ ಮಾತು ಎದುರಾಗಿತ್ತು, ಅಣ್ಣ. 1920ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಥಿಯೇಟರ್ ಗಿಲ್ಡ್ ಜೊತೆ ನಾಟಕ ಮಾಡುತ್ತಿದ್ದರು. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂದಿತ್ತು. ಒಂದು ಚಿತ್ರಕ್ಕೆ ಸ್ಕ್ರೀನ್ ಟೆಸ್ಟ್ ಕೊಟ್ಟರು. ಕೊನೆಯ ಸಾಲಿನವರಿಗೂ ಕೇಳಬೇಕು ಅಂತ ವರ್ಷಾನುಗಟ್ಟಲೆ ಪಳಗಿದ ನಟ, ಕ್ಯಾಮೆರಾ ಮುಂದೆಯೂ ಹಾಗೇ ಮಾಡಿದರು. ಆ ಪಾತ್ರ ಸಿಗಲಿಲ್ಲ. ಆದರೆ ಅದೇ ಟೆಸ್ಟಿನಲ್ಲಿ ಜೇಮ್ಸ್ ವೇಲ್ ಅವರ ಕಿವಿಗೆ ಆ ದನಿ ಬಿತ್ತು. ಕಾಣದ ಮನುಷ್ಯನಿಗೆ ಇದೇ ಬೇಕು ಅಂದರು. ಹಾಗೆ ಸಿಕ್ಕಿದ ಸಿನಿಮಾ ತೆರೆಗೆ ಬಂದಾಗ ರೇನ್ಸ್ ವಯಸ್ಸು 44. ಅದಕ್ಕೆ ಮೊದಲು ಅವರು ಮಾಡಿದ್ದು 1920ರ ಒಂದು ಮೂಕಿ ಚಿತ್ರ ಮಾತ್ರ.

ಹಾಗಂತ ದನಿಯನ್ನು ಹಾಗೇ ಇಟ್ಟುಕೊಳ್ಳಲಿಲ್ಲ. ಅದನ್ನು ನೀವು ಗಮನಿಸಬೇಕು. 1933ರ ಚಿತ್ರದಲ್ಲಿ ಮಾತು ಗುಡುಗುತ್ತದೆ, ಅಲ್ಲಿ ಅದು ಬೇಕಿತ್ತು. ಹತ್ತು ವರ್ಷದೊಳಗೆ 'ಕ್ಯಾಸಾಬ್ಲಾಂಕಾ'ದಲ್ಲಿ ನೋಡಿ, ಅದೇ ದನಿ ಎದುರು ಕುರ್ಚಿಯಲ್ಲಿ ಕೂತವನಿಗೆ ಮಾತ್ರ ಕೇಳುವಷ್ಟು ಇಳಿದಿದೆ. ಆದರೂ ಒಂದೇ ಒಂದು ಪದ ತಪ್ಪುವುದಿಲ್ಲ. ಗಟ್ಟಿ ಮಾತಾಡುವುದು ಬೇರೆ, ಸ್ಪಷ್ಟ ಮಾತಾಡುವುದು ಬೇರೆ. ರಂಗದಿಂದ ಬಂದವರು ಮೊದಲನೆಯದನ್ನು ಬಿಡಬೇಕು, ಎರಡನೆಯದನ್ನು ಬಿಡಬಾರದು.

ನಮ್ಮಲ್ಲಿ ಸಿನಿಮಾಕ್ಕೆ ಮಾತು ಕೊಟ್ಟವರು ಯಾರು? ಕಂಪನಿ ನಾಟಕದವರು. 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ಮಾತಿನ ಚಿತ್ರ 'ಸತಿ ಸುಲೋಚನ'ದಲ್ಲಿ ಆರ್. ನಾಗೇಂದ್ರರಾಯರು, ಎಂ.ವಿ. ಸುಬ್ಬಯ್ಯ ನಾಯ್ಡು ಇದ್ದರು, ಇಬ್ಬರೂ ರಂಗದ ಮೇಲೆ ಬೆಳೆದವರು. ನಿಮ್ಮ ದನಿಯನ್ನು ಬೇಡ ಅಂದವರ ಮಾತು ಮನಸ್ಸಿಗೆ ಹಚ್ಚಿಕೊಂಡು ನಾಟಕ ಬಿಡಬೇಡಿ. ಮೊಬೈಲನ್ನು ಎರಡು ಅಡಿ ದೂರ ಇಟ್ಟು ನಿಮ್ಮದೇ ಒಂದು ಪಾತ್ರದ ಮಾತನ್ನು, ಪಕ್ಕದಲ್ಲಿ ಮಲಗಿದ ಮಗು ಏಳದಂತೆ ಹೇಳಿ, ರೆಕಾರ್ಡ್ ಮಾಡಿ ಕೇಳಿ. ದಿನಾ ಮಾಡಿ. ಸಿಟ್ಟಿನ ಮಾತನ್ನೂ ಹಾಗೇ ಹೇಳಿ ನೋಡಿ. ಒಂದು ತಿಂಗಳಲ್ಲಿ ವ್ಯತ್ಯಾಸ ನಿಮಗೇ ಕೇಳುತ್ತದೆ.

ಪ್ರಶ್ನೆ: ಅವರಿಗೆ ಆಸ್ಕರ್ ಸಿಕ್ಕಿತ್ತೇ?
(ನಿವೃತ್ತ ಶಿಕ್ಷಕ, ಪುತ್ತೂರು)

ಉತ್ತರ: ಇಲ್ಲ ಸರ್. ನಾಲ್ಕು ಸಲ ಪೋಷಕ ನಟನ ವಿಭಾಗದಲ್ಲಿ ಹೆಸರು ಬಂತು. 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್', 'ಕ್ಯಾಸಾಬ್ಲಾಂಕಾ', 'ಮಿಸ್ಟರ್ ಸ್ಕೆಫಿಂಗ್ಟನ್', 'ನಟೋರಿಯಸ್'. ನಾಲ್ಕು ಸಲವೂ ಬೇರೆಯವರಿಗೆ ಹೋಯಿತು. ಅವರ ಶಿಷ್ಯರಾದ ಲಾಟನ್ ಅವರಿಗೂ ಗಿಲ್ಗುಡ್ ಅವರಿಗೂ ಆಸ್ಕರ್ ಸಿಕ್ಕಿತು. ಶಿಕ್ಷಕರಾದ ನಿಮಗೆ ಇದರ ಸಂತೋಷವೂ ಗೊತ್ತು, ನೋವೂ ಗೊತ್ತು. 1951ರಲ್ಲಿ 'ಡಾರ್ಕ್‌ನೆಸ್ ಅಟ್ ನೂನ್' ನಾಟಕಕ್ಕೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಸಿಕ್ಕಿತು. ಆಗ ಅವರಿಗೆ 61 ವರ್ಷ. ರಂಗಭೂಮಿ ತನ್ನ ಹುಡುಗನನ್ನು ಮರೆಯಲಿಲ್ಲ ಅಂತ ನನಗೆ ಅದು ತುಂಬಾ ಸಮಾಧಾನದ ವಿಷಯ.

ನಾಲ್ಕರಲ್ಲಿ ಯಾವುದಕ್ಕೆ ಬರಬೇಕಿತ್ತು ಅಂದರೆ ನಾನು 1946ರ 'ನಟೋರಿಯಸ್' ಅನ್ನುತ್ತೇನೆ. ಹಿಚ್‌ಕಾಕ್ ನಿರ್ದೇಶನ. ರೇನ್ಸ್ ಅಲ್ಲಿ ಖಳ. ಆದರೆ ಹೆಂಡತಿಯನ್ನು ನಿಜವಾಗಿ ಪ್ರೀತಿಸುವ ಖಳ, ಅಮ್ಮನಿಗೆ ಹೆದರುವ ಖಳ, ಮೋಸ ಹೋದೆ ಅಂತ ಗೊತ್ತಾದಾಗ ಕೂಗಾಡದೆ ಅಮ್ಮನ ಮಂಚದ ಪಕ್ಕ ಬಂದು ಕೂರುವ ಖಳ. ಅವರು ಎತ್ತರದ ಆಳಲ್ಲ. ನಾಯಕಿ ಇಂಗ್ರಿಡ್ ಬರ್ಗ್‌ಮನ್ ರೇನ್ಸ್‌ಗಿಂತ ಉದ್ದ. ಜೊತೆಗೆ ನಡೆಯುವ ದೃಶ್ಯಕ್ಕೆ ನೆಲದಲ್ಲಿ ಇಳಿಜಾರು ಹಲಗೆ ಹಾಕಿ ಇವರನ್ನು ಎತ್ತರ ಮಾಡಿದರು. ಕೊನೆಯ ದೃಶ್ಯದಲ್ಲಿ ಆ ಖಳ ತನ್ನದೇ ಮನೆಯ ಮೆಟ್ಟಿಲು ಹತ್ತಿ ವಾಪಸ್ಸು ಒಳಗೆ ಹೋಗಬೇಕು. ಒಳಗೆ ಅವನ ಜೊತೆಗಾರರು ಕಾಯುತ್ತಿದ್ದಾರೆ. ಹೋದರೆ ಮುಗಿಯಿತು ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ನಮಗೆ ಕಾಣುವುದು ಅವನ ಬೆನ್ನು. ಮಾತಿಲ್ಲ. ಬಾಗಿಲು ಮುಚ್ಚುತ್ತದೆ. ದನಿಯೇ ಆಸ್ತಿಯಾಗಿದ್ದ ನಟ ಅಲ್ಲಿ ಮಾತನ್ನೂ ಬಿಟ್ಟು, ಮುಖವನ್ನೂ ಬಿಟ್ಟು, ಬರೀ ಹೆಜ್ಜೆಯಲ್ಲಿ ಎಲ್ಲ ಹೇಳುತ್ತಾರೆ. ದಯವಿಟ್ಟು ಒಮ್ಮೆ ನೋಡಿ ಸರ್.

ಕೊನೆಯವರೆಗೂ ನಟಿಸಿದರು. 1962ರ 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ ಡ್ರೈಡನ್ ಅನ್ನುವ ಅಧಿಕಾರಿ ಅವರೇ. ಪೆನ್ಸಿಲ್ವೇನಿಯಾದಲ್ಲಿ ಜಮೀನು ಮಾಡಿಕೊಂಡು ಬೇಸಾಯವನ್ನೂ ಮಾಡಿದ್ದರು. ತೀರಿಕೊಂಡದ್ದು 1967ರ ಮೇ 30ರಂದು, 77ನೇ ವಯಸ್ಸಿನಲ್ಲಿ.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಮಾತು ತೊದಲುತ್ತದೆ. ಮನೆಯಲ್ಲಿ ನಾವು ತುಳು. ಅವನಿಗೆ ಯಕ್ಷಗಾನ ಅಂದರೆ ಪ್ರಾಣ. ತರಗತಿಗೆ ಸೇರಿಸಲು ಹೋದರೆ ಅಲ್ಲಿದ್ದವರೊಬ್ಬರು "ಇವನಿಗೆ ಮಾತೇ ಸರಿ ಇಲ್ಲ, ಅರ್ಥ ಏನು ಹೇಳುತ್ತಾನೆ" ಅಂತ ಅವನ ಎದುರಿಗೇ ಅಂದರು. ಅವತ್ತಿಂದ ಮಗ ಮಾತೇ ಕಡಿಮೆ ಮಾಡಿದ್ದಾನೆ. ನೀವು ಬರೆದ ನಟ ತೊದಲುತ್ತಿದ್ದರು ಅಂತ ಎಲ್ಲೋ ಓದಿದೆ. ನಿಜವಾ? ನಮಗೇನಾದರೂ ಹೇಳುತ್ತೀರಾ?
(ಒಬ್ಬ ತಾಯಿ, ಬ್ರಹ್ಮಾವರ)

ಉತ್ತರ: ನಿಜ ಅಮ್ಮ. ಮೇಲಿನ ಮೊದಲ ಉತ್ತರವನ್ನು ಮಗನಿಗೆ ಓದಿಸಿ. ನಿಮ್ಮ ಪತ್ರ ಓದಿದ ಮೇಲೆಯೇ ಅದನ್ನು ಅಷ್ಟು ಉದ್ದ ಬರೆದೆ.

ಮಗುವಿನ ಎದುರು ಆ ಮಾತು ಆಡಿದ್ದು ತಪ್ಪು. ಅದನ್ನು ಅವನಿಗೆ ನೀವು ಬಾಯಿಬಿಟ್ಟು ಹೇಳಿ. "ಅವರು ಹಾಗೆ ಹೇಳಬಾರದಿತ್ತು" ಅಂತ. ಮನೆಯವರು ಸುಮ್ನೆ ಇದ್ದರೆ ಮಕ್ಕಳು ಆ ಮಾತೇ ಸರಿ ಅಂದುಕೊಳ್ಳುತ್ತಾರೆ.

ಇನ್ನು ತೊದಲು. ಇದು ಬುದ್ಧಿಯ ಕೊರತೆ ಅಲ್ಲ, ಧೈರ್ಯದ ಕೊರತೆಯೂ ಅಲ್ಲ. ಮೊದಲು ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ. ಮಂಗಳೂರಿನಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಇದಕ್ಕೇ ವಿಭಾಗ ಇರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. 13 ವರ್ಷ ಆಯಿತಲ್ಲ, ತಡ ಆಯಿತು ಅಂತ ಗಾಬರಿ ಬೇಡ. ಮನೆಯಲ್ಲಿ ಅವನು ತಡವರಿಸುವಾಗ ಪದ ಎತ್ತಿಕೊಡಬೇಡಿ, "ನಿಧಾನ ಹೇಳು" ಅಂತಲೂ ಅನ್ನಬೇಡಿ. ಮುಖ ನೋಡುತ್ತಾ ಕಾಯಿರಿ. ಅವನೇ ಮುಗಿಸಲಿ.

ಯಕ್ಷಗಾನ ಖಂಡಿತ ಬಿಡಿಸಬೇಡಿ. ತೊದಲುವ ಎಷ್ಟೋ ಜನರಿಗೆ ಹಾಡುವಾಗ ತೊದಲು ಬರುವುದಿಲ್ಲ. ತಾಳಕ್ಕೆ ಹೇಳುವಾಗ, ಬಾಯಿಪಾಠ ಮಾಡಿದ್ದನ್ನು ಹೇಳುವಾಗಲೂ ಕಡಿಮೆ ಆಗುವುದುಂಟು. ಯಕ್ಷಗಾನದಲ್ಲಿ ಈ ಮೂರೂ ಇವೆ, ನೋಡಿ. ಮೊದಲು ಹೆಜ್ಜೆ ಕಲಿಯಲಿ. ಹೆಜ್ಜೆಯ ಬಾಯಿತಾಳವನ್ನು ಕುಣಿಯುತ್ತಾ ಗಟ್ಟಿಯಾಗಿ ಹೇಳಲಿ. ಆಮೇಲೆ ಪದ್ಯ. ಅರ್ಥಕ್ಕೆ ಅವಸರ ಇಲ್ಲ, ಅದು ಯಾವ ಹುಡುಗನಿಗೂ ಮೊದಲ ವರ್ಷ ಬರುವುದಿಲ್ಲ. ಉಡುಪಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ತರಗತಿಗಳು ನಡೆಯುತ್ತವೆ, ನಿಮ್ಮ ಶಾಲೆಯಲ್ಲಿ ಇದೆಯಾ ಅಂತ ವಿಚಾರಿಸಿ. ಸೇರಿಸುವ ದಿನ ಗುರುಗಳ ಹತ್ತಿರ ನೀವೊಬ್ಬರೇ ಹೋಗಿ ಮೊದಲೇ ವಿಷಯ ಹೇಳಿ ಬನ್ನಿ.

ತುಳು ಮನೆಮಾತು ಅನ್ನುವುದಕ್ಕೆ ಒಂದು ಚೂರೂ ಸಂಕೋಚ ಬೇಡ. ನಮ್ಮ ಮೇಳಗಳಲ್ಲಿ ಮನೆಯಲ್ಲಿ ತುಳು ಮಾತಾಡಿ ರಂಗಸ್ಥಳದಲ್ಲಿ ಚಂದದ ಕನ್ನಡ ಹೇಳುವವರು ತುಂಬಾ ಜನ ಇದ್ದಾರೆ. ಮಹಾಪ್ರಾಣ ಎಲ್ಲ ಅಭ್ಯಾಸದಿಂದ ಬರುತ್ತದೆ. ನನ್ನ ಬಾಯಿಯಲ್ಲಿ 'ಭೀಷ್ಮ' ಸರಿಯಾಗಿ ನಿಲ್ಲಲು ಒಂದಿಡೀ ಮಳೆಗಾಲ ಬೇಕಾಯಿತು. ದಿನಾ ಸಂಜೆ ಅಜ್ಜಿ ಎದುರಿಗೆ ಕೂರಿಸಿಕೊಂಡು ಹೇಳಿಸುತ್ತಿದ್ದರು.

ದೀಪಾವಳಿ ಕಳೆದು ಮೇಳಗಳು ಹೊರಟ ಮೇಲೆ ಒಂದು ರಾತ್ರಿ ಅವನನ್ನು ಆಟಕ್ಕೆ ಕರೆದುಕೊಂಡು ಹೋಗಿ. ಬೇಗ ಹೋಗಿ, ಕೋಡಂಗಿ ಕುಣಿಯುವ ಹೊತ್ತಿಗೆ. ಚೌಕಿಯವರನ್ನು ಕೇಳಿ, ಒಂದು ಬದಿಯಲ್ಲಿ ನಿಂತು ಮುಖಕ್ಕೆ ಬಣ್ಣ ಹಚ್ಚುವುದನ್ನು ನೋಡಲು ಬಿಡಿ. ಆಮೇಲೆ ಅವನ ಕೈಯಲ್ಲೇ ನನಗೊಂದು ಪತ್ರ ಬರೆಸಿ. ಯಾವ ವೇಷ ಇಷ್ಟ ಆಯಿತು ಅಂತ ಅವನು ಹೇಳಲಿ.